ಅತ್ತೆಯ ಕುರ್ಚಿಗೊಂದು ಶಂಕರಪಾಳಿ ಕವರ್

ಆ ದಿನವೂ ಐದೂವರೆಗೇ ಎದ್ದೆ. ಗೀಸರ್ ಹಾಕಿ, ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪಾಕೀಟು ತಂದು ಒಲೆಗಿಟ್ಟೆ. ಪಕ್ಕದ ಬರ್ನರಿನ ಮೇಲೆ ಅತ್ತೆಯ ಸೊಂಟಕ್ಕೆ ಶಾಖ ಕೊಡುವ ನೀರು. ಹಾಲು ಉಕ್ಕುವುದರೊಳಗೆ ಮುಗಿಸಬೇಕಾದ ಕೆಲಸಗಳು ಕೈಗೆ ತಾವೇ ಬರುತ್ತಿದ್ದವು. ಮಾತ್ರೆ ಡಬ್ಬಿಯಲ್ಲಿ ಆ ದಿನದ ಖಾನೆ ತೆಗೆದು ನಾಲ್ಕು ಮಾತ್ರೆ ಬಟ್ಟಲಿಗೆ ಹಾಕುವುದು, ಬೆಡ್‌ಪ್ಯಾನ್ ತೊಳೆದು ಬೋರಲು ಹಾಕುವುದು, ವಾಕರಿನ ನಾಲ್ಕೂ ಕಾಲಿನ ರಬ್ಬರ್ ಬುಡಗಳನ್ನು ಒಣ ಅರಿವೆಯಿಂದ ಒರೆಸುವುದು. ಮಳೆಗಾಲದಲ್ಲಿ ಹಿಂದವಾಡಿಯ ನಮ್ಮ ಮನೆಯ ನೆಲ ಬೆವರುತ್ತದೆ. ಒರೆಸದಿದ್ದರೆ ವಾಕರ್ ಜಾರುತ್ತದೆ.

ಅತ್ತೆ ಎಂದಿನಂತೆ ನನಗಿಂತ ಮೊದಲೇ ಎಚ್ಚರವಾಗಿದ್ದರು. ಸೂರು ನೋಡುತ್ತ ಮಲಗಿದ್ದರು. ಮುಖ ತೊಳೆಸಿ, ಸೀರೆ ಉಡಿಸಿ, ವಾಕರಿನ ಮುಂದೆ ನಿಲ್ಲಿಸಿ, ಹೆಜ್ಜೆ ಎಣಿಸುತ್ತ ಕಿಟಕಿಯ ಬಳಿಯ ಕುರ್ಚಿಗೆ ತಂದು ಕೂರಿಸಿದೆ. ಹನ್ನೊಂದು ಹೆಜ್ಜೆ. ವಿಭೂತಿ ಗಟ್ಟಿ, ನೀರಿನ ಬಟ್ಟಲು, ಹೂವು ಎದುರಿಗಿನ ಸ್ಟೂಲಿನ ಮೇಲಿಟ್ಟೆ. ಕುರ್ಚಿಯ ಮೇಲೆ ಕೂತು ಲಿಂಗಪೂಜೆ ಮಾಡುವುದು ಅವರಿಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವ ಮೊದಲು ಪ್ರತಿದಿನ ಒಮ್ಮೆ, "ತಪ್ಪ ತಿಳೀಬ್ಯಾಡಪಾ, ನೆಲಕ್ಕ ಕುಂಡ್ರಾಕ ಬರೂದಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಆ ದಿನವೂ ಹೇಳಿಕೊಂಡರು.

ಬೇರೆಯಾಗಿದ್ದುದು ಒಂದೇ. ಬಾಗಿಲ ಬಳಿ ಅವರ ಬ್ಯಾಗು ತುಂಬಿ ನಿಂತಿತ್ತು. ಹತ್ತು ಗಂಟೆಗೆ ಅವರನ್ನು ಖಾನಾಪುರಕ್ಕೆ ಬಿಟ್ಟು ಬರುವುದಿತ್ತು.

ಮೊನ್ನೆ ಈ ವರ್ಷದ ಮಳೆ ಹಿಡಿದ ದಿನ ಸ್ವೆಟರ್ ತೆಗೆಯಲೆಂದು ಕಪಾಟಿನ ಕೆಳಗಿನ ಖಾನೆ ಎಳೆದೆ. ಮೂಲೆಯಲ್ಲಿ ಕೆಂಗಂದು ಉಣ್ಣೆಯ ಅರ್ಧ ಉಂಡೆ ಇತ್ತು. ತೇವ ಹಿಡಿದ ಉಣ್ಣೆ, ನುಸಿಗುಳಿಗೆ, ಹಳೆಯ ಕಟ್ಟಿಗೆ, ಈ ಮೂರೂ ಕೂಡಿದ ಒಂದು ವಾಸನೆ. ಬಾಗಿದವಳು ಹಾಗೇ ನೆಲಕ್ಕೆ ಕೂತುಬಿಟ್ಟೆ. ಮೂರು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಬಂದು ಬೆನ್ನ ಮೇಲೆ ಕೂತ ಹಾಗಾಯಿತು.

ಆ ವರ್ಷ ಮೇ ತಿಂಗಳಲ್ಲಿ ಅತ್ತೆ ಖಾನಾಪುರದ ಮನೆಯಲ್ಲಿ ಬಚ್ಚಲಿಗೆ ಹೋದವರು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಅಲ್ಲಿ ಇರುವವರು ನನ್ನ ಗಂಡನ ಅಣ್ಣ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ. ಭಾವನವರಿಗೆ ಕಟ್ಟಿಗೆ ಮಾರುವ ವಖಾರಿ ಇದೆ. ಅಕ್ಕ ಮರಾಠಿ ಶಾಲೆಯಲ್ಲಿ ಟೀಚರು. ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆಗೇ ಬರುವುದು. ಅತ್ತೆ ಬಿದ್ದದ್ದು ಹತ್ತು ಗಂಟೆಗೆ. ಪಕ್ಕದ ಮನೆಯವರಿಗೆ ಕೇಳಿಸಿದ್ದು ಒಂದೂವರೆಗೆ.

ಆಪರೇಷನ್ ಬೆಳಗಾವಿಯಲ್ಲಿ ಆಯಿತು. ದವಾಖಾನೆಯಿಂದ ನೇರ ನಮ್ಮ ಮನೆಗೆ ಕರೆತಂದೆವು. "ಅಡ್ಡ್ಯಾಡೂ ಹಂಗ ಆಗೂತನಕ ಇಲ್ಲೇ ಇರ್ಲಿ. ನೀ ಮನ್ಯಾಗ ಇರ್ತಿಯಲ್ಲ" ಎಂದರು ನನ್ನ ಗಂಡ. ಹೌದು, ನಾನು ಮನೆಯಲ್ಲೇ ಇರುತ್ತೇನೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ, ಗಂಡ ಬ್ಯಾಂಕಿನಲ್ಲಿ. ಮನೆಯಲ್ಲಿ ಇರುವವಳಿಗೆ ಕೆಲಸವೇನು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಪ್ರಶ್ನೆಯೇ ಇರಲಿಲ್ಲ.

ಮೊದಲ ತಿಂಗಳ ನೆನಪು ನನಗೆ ಹೆಚ್ಚು ಉಳಿದಿಲ್ಲ. ಜೂನಿನ ಮಳೆ ಹಿಡಿದಿತ್ತು, ಅದು ಗೊತ್ತು. ಅರಿವೆ ಒಣಗುತ್ತಿರಲಿಲ್ಲ. ನಡುಮನೆಯ ಉದ್ದಕ್ಕೂ ಹಗ್ಗ ಕಟ್ಟಿ, ಫ್ಯಾನ್ ಹಚ್ಚಿ, ಅತ್ತೆಯ ಲಂಗಗಳನ್ನು ಇಸ್ತ್ರಿ ಮಾಡಿಯೇ ಒಣಗಿಸುತ್ತಿದ್ದೆ. ರಾತ್ರಿ ಮೂರು ಸಲ ಏಳುವುದು, ಬೆಳಿಗ್ಗೆ ಐದೂವರೆಗೆ ಏಳುವುದು. ಬೆನ್ನಿಗೆ ಪುಡಿ, ಕಾಲಿಗೆ ಎಣ್ಣೆ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುವುದು. ಮಧ್ಯಾಹ್ನ ಅತ್ತೆಗೆ ಊಟ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಒಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕರವರೆಗೆ ಮಲಗುತ್ತಿದ್ದೆ. ಅಷ್ಟೇ ನನ್ನದು. ಮಲಗುವುದಲ್ಲ, ಬಾವಿಗೆ ಬಿದ್ದ ಹಾಗೆ. ಎದ್ದಾಗ ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗುರುತು ಮೂಡಿರುತ್ತಿತ್ತು.

ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ದರು. ತಗ್ಗಿನ ಕುರ್ಚಿ ಬೇಡ. ಮೊಣಕಾಲಿಗಿಂತ ಸೊಂಟ ಎತ್ತರದಲ್ಲಿರಬೇಕು. ಅದಕ್ಕೆಂದು ಗಾದಿ ಅಂಗಡಿಯಿಂದ ನಾಲ್ಕು ಇಂಚಿನ ಫೋಮ್ ಕತ್ತರಿಸಿ ತಂದರು ನನ್ನ ಗಂಡ, ಮೇಲೆ ರೆಕ್ಸಿನ್ ಕವರು. ಮೊದಲ ದಿನವೇ ಅಡುಗೆಮನೆಯಲ್ಲಿದ್ದ ನನಗೆ ಕೂಗು ಕೇಳಿಸಿತು.

"ಏ ಶೋಭಾ! ನಾ ಹೊಂಟೆ ನೋಡವಾ!"

ಓಡಿ ಬಂದು ನೋಡಿದರೆ ಅತ್ತೆ ರೆಕ್ಸಿನ್ ಮೇಲೆ ಬೆಣ್ಣೆಯ ಮುದ್ದೆ ಜಾರಿದ ಹಾಗೆ ಮೆಲ್ಲಗೆ ಮುಂದಕ್ಕೆ ಜಾರುತ್ತ, ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಿದ್ದರು. ಎತ್ತಿ ಹಿಂದಕ್ಕೆ ಕೂರಿಸಿದೆ. ಅವರು ನಗುತ್ತಿದ್ದರು. "ಜಾರಗುಂಡಿ ಆಡಾಕ ಎಪ್ಪತ್ತೆಂಟ ವರ್ಷ ಆಗಬೇಕಾತು ನೋಡ ನನಗ."

ಹಳೆಯ ಸೀರೆ ಸುತ್ತಿದೆವು, ಅದೂ ಜಾರಿತು. ಆಗ ನನಗೆ ನೆನಪಾದದ್ದು ಉಣ್ಣೆ. ಉಣ್ಣೆಯ ಹೆಣಿಗೆ ಸೀರೆಯನ್ನು ಹಿಡಿದುಕೊಳ್ಳುತ್ತದೆ, ಜಾರಗೊಡುವುದಿಲ್ಲ. ಕ್ಯಾಂಪಿನ ಕಾನ್ವೆಂಟಿನಲ್ಲಿ ಏಳನೆಯ ಇಯತ್ತೆಯಿಂದ ಹತ್ತನೆಯವರೆಗೆ ಪ್ರತಿ ಶುಕ್ರವಾರ ಕೊನೆಯ ಎರಡು ಪೀರಿಯಡ್ ನಾವು ಹೆಣೆದಿದ್ದೇವೆ. ಸೀದಾ ಸಾಲು, ಉಲ್ಟಾ ಸಾಲು. ಮಾರ್ಕೆಟ್ಟಿಗೆ ಹೋಗಿ ಬಿಳಿ ಮತ್ತು ಕೆಂಗಂದು ಎರಡು ಬಣ್ಣದ ಉಣ್ಣೆ ತಂದೆ. ಮಗಳ ಹಳೆಯ ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ವಜ್ರಾಕೃತಿಯ ಡಿಸೈನ್ ಬರೆದುಕೊಂಡೆ. ಮೇಲ್ಮುಖಕ್ಕೆ ನೂರಾ ಹನ್ನೆರಡು ಸಾಲು. ಹಿಂಬದಿಗೆ ಗಟ್ಟಿ ಬಟ್ಟೆ ಹಚ್ಚಿ ಝಿಪ್ ಹಾಕಿಸಿದರಾಯಿತು.

"ಏನದು ಹಾಳ್ಯಾಗ ಬರಕೊಂಡಿ?" ಅತ್ತೆ ಕನ್ನಡಕ ಏರಿಸಿ ಇಣುಕಿದರು.

"ಡೈಮಂಡ್ ರೀ ಅತ್ತಿ. ಡಿಸೈನ್."

"ಯಾವ ಡೈಮಂಡ? ಶಂಕರಪಾಳಿ ಅದು. ದೀಪಾವಳಿಗೆ ಕರೀತೇವಲ್ಲ, ಅದ." ಅಂದಿನಿಂದ ಅದು ಶಂಕರಪಾಳಿಯೇ ಆಯಿತು. "ಎಷ್ಟ ಶಂಕರಪಾಳಿ ಆದುವು ಇವತ್ತ?" ಎಂದು ಕೇಳುವರು.

ಹೆಣಿಗೆ ಅವರಿಗೂ ಬರುತ್ತಿತ್ತು. ಗಂಡುಮಕ್ಕಳಿಬ್ಬರಿಗೂ ಖಾನಾಪುರದ ಚಳಿಮಳೆಗೆ ಕುಲಾಯಿ ಹೆಣೆದು ತೊಡಿಸಿದವರು. ನಾಲ್ಕು ಸಾಲು ನೋಡಿದವರೇ ನನ್ನ ಕೈಯಿಂದ ಸೂಜಿ ಕಸಿದುಕೊಂಡರು.

"ಹಿಂಗಲ್ಲ. ಹಿಂದಿನಿಂದ ತಗೋಬೇಕ ಟಾಕಿ. ಹಿಂದಿನಿಂದ ತಗೊಂಡ್ರ ಗಟ್ಟಿ ಕುಂಡ್ರತೈತಿ."

"ನಮ್ಮ ಸಿಸ್ಟರ್ ಮುಂದಿನಿಂದ ಕಲಿಸ್ಯಾರ್ರಿ. ಹಿಂದಿನಿಂದ ತಗೊಂಡ್ರ ಸ್ಕೇಲಿಲೆ ಬೆರಳಿಗೆ ಹೊಡೀತಿದ್ರು."

"ನಿಮ್ಮ ಸಿಸ್ಟರ್ ಮಕ್ಕಳಿಗೆ ಕುಲಾಯಿ ಹೆಣದಿದ್ದರೇನು? ನಾ ಹೆಣದೇನಿ."

ಸೂಜಿಯ ಮೇಲೆ ಕೂತ ಒಂದೊಂದು ಟಾಕಿಗೂ, ಅಂದರೆ ಉಣ್ಣೆಯ ಕುಣಿಕೆಗೂ, ಕುದುರೆಯ ಮೇಲೆ ಕೂತವರಂತೆ ಎರಡು ಕಾಲು. ನಾನು ಕಲಿತ ರೀತಿಯಲ್ಲಿ ಬಲಗಾಲು ಮುಂದಿರುತ್ತದೆ, ಸೂಜಿ ಅದನ್ನು ಮುಂದಿನಿಂದ ಎತ್ತಿಕೊಳ್ಳುತ್ತದೆ. ಅತ್ತೆಯ ರೀತಿಯಲ್ಲಿ ಅದು ತಿರುವುಮುರುವು. ಒಬ್ಬರ ಕುಣಿಕೆಯನ್ನು ಇನ್ನೊಬ್ಬರ ರೀತಿಯಲ್ಲಿ ಹೆಣೆದರೆ ಕಾಲು ಕತ್ತರಿಯಾಗುತ್ತದೆ, ಸಾಲಿನುದ್ದಕ್ಕೂ ಸಣ್ಣ ಜಡೆ ಹೆಣೆದಂತೆ ಒಂದು ಗೆರೆ ಮೂಡುತ್ತದೆ. ನೋಡಿದ ಯಾರಿಗೂ ತಿಳಿಯುವುದಿಲ್ಲ. ಹೆಣೆಯುವವರಿಗೆ ತಿಳಿಯುತ್ತದೆ.

ನಾನು ನಕ್ಕು ಸೂಜಿ ವಾಪಸು ತೆಗೆದುಕೊಂಡೆ. ನನ್ನ ರೀತಿಯಲ್ಲೇ ಹೆಣೆದೆ.

ದಿನಕ್ಕೆ ನಾಲ್ಕು ಸಾಲು ಆಗುತ್ತಿತ್ತು. ಕೆಲಸದ ನಡುವಿನ ಚೂರುಪಾರು ಹೊತ್ತಿನಲ್ಲಿ, ಅತ್ತೆಯ ಎದುರಿಗಿನ ಬೆತ್ತದ ಮೋಡ್ಯಾದ ಮೇಲೆ ಕೂತು ಹೆಣೆಯುತ್ತಿದ್ದೆ, ಕೆಲಸ ಕರೆದರೆ ಅಲ್ಲೇ ಬಿಟ್ಟು ಏಳುತ್ತಿದ್ದೆ. ಕಿಟಕಿಯ ಆಚೆ ಕಾಂಪೌಂಡ್ ಗೋಡೆ, ಅದರಾಚೆ ರೆಹಾನಾಳ ಮನೆ. ಮನೆಯಲ್ಲೇ ಸೀರೆಗೆ ಫಾಲ್, ಪೀಕೋ ಮಾಡಿಕೊಡುವ ಹುಡುಗಿ. ಅವಳ ಮಷೀನಿನ ಸದ್ದು ನಿಂತರೆ ಅತ್ತೆ ಕಿಟಕಿಯಿಂದಲೇ, "ಯಾಕ ಹುಡುಗಿ, ದಾರ ಹರೀತೇನ?" ಎಂದು ಕೇಳುವರು. "ಇಲ್ರಿ ಅಮ್ಮಾ, ಚಾ ಕುಡಿಯಾಕತ್ತೇನ್ರಿ" ಎಂದು ಆಕೆ. ಮೀನು ತರುವವಳು, ಹೂವಿನವಳು, ಎದುರುಮನೆಯ ಮಾಸ್ತರರು, ಎಲ್ಲರೂ ತಿಂಗಳೊಳಗೆ ಅತ್ತೆಯ ಪರಿಚಯದವರಾದರು. ಇಪ್ಪತ್ತೆರಡು ವರ್ಷದಿಂದ ಇಲ್ಲಿರುವ ನನಗೆ ಆ ಮೀನಿನವಳ ಹೆಸರು ಅತ್ತೆಯಿಂದ ತಿಳಿಯಿತು.

ಇಪ್ಪತ್ತನೆಯ ಸಾಲಿನ ಆಸುಪಾಸಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಭಾವನವರ ಫೋನ್ ಬಂತು. ಬಚ್ಚಲಿಗೆ ಜಾರದ ಫರಸಿ ಹಾಕಿಸಿದ್ದಾರೆ, ಗೋಡೆಗೆ ಹಿಡಿಯುವ ಸ್ಟೀಲ್ ರಾಡು ಕೂಡಿಸಿದ್ದಾರೆ, ಕುರ್ಚಿ ಇದೆ, ಮೇಲೆ ಹಾಕಲು ಗಾದಿ ಮಾತ್ರ ಬೇಕು. ನನ್ನ ಗಂಡ ಫೋನಿಟ್ಟು ಖುಷಿಯಿಂದಲೇ ಹೇಳಿದರು: "ಅವ್ವಾ, ಈ ಕವರ ಮುಗೀಲಿ. ಮುಗದ ಮರುದಿನಾನ ಬಿಟ್ಟ ಬರತೇವಿ. ಪಂಚಮಿ ಉಂಡಿ ಅಲ್ಲೇ ತಿನ್ನಾಕಂತಿ."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಲ್ಲೆ ಹಗಲಿ ಯಾರಿರ್ತಾರ?"

"ಹನ್ನೆರಡಕ್ಕ ಒಬ್ಬಾಕಿ ಬಂದು ಊಟಕ್ಕ ಹಾಕಿ ಹೋಗ್ತಾಳಂತ."

"ಊಟದ್ದೇನೈತಿ. ಕೈ ಅದಾವು, ಬಾಯಿ ಐತಿ. ಮಾತಾಡಾಕ ಯಾರ ಅದಾರ?"

"ಟೀವಿ ಐತಲ್ಲವ್ವಾ."

"ಟೀವಿ ಹೇಳಿದ್ದ ನಾ ಕೇಳಬೇಕು. ನಾ ಹೇಳಿದ್ದ ಅದು ಕೇಳತೈತೇನು?"

ನನ್ನ ಗಂಡ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ನನ್ನತ್ತ ತಿರುಗಿ, "ಇನ್ನ ಎಷ್ಟ ಸಾಲ ಅದಾವು?" ಎಂದು ಕೇಳಿದರು.

"ತೊಂಬತ್ತರ ಮ್ಯಾಲೆ ಅದಾವ್ರಿ."

"ಹಂ" ಎಂದರು.

ಆ ರಾತ್ರಿ ನಾನು ಮನಸ್ಸಿನಲ್ಲೇ ಭಾಗಿಸಿದೆ. ತೊಂಬತ್ತಕ್ಕೆ ನಾಲ್ಕರಂತೆ ಇಪ್ಪತ್ಮೂರು ದಿನ. ಇಪ್ಪತ್ಮೂರು ದಿನ ತಡೆದುಕೊಳ್ಳಬಹುದು ಅನ್ನಿಸಿತು. ಅತ್ತೆ ನನಗೆ ಯಾವತ್ತೂ ಬಿರುಸಾಗಿ ನಡೆದುಕೊಂಡವರಲ್ಲ. ಹೆರಿಗೆಯಾದಾಗ ಮೂರು ತಿಂಗಳು ಬಂದಿದ್ದು ನನ್ನ ತಲೆಗೆ ಎರೆದವರು. ಆದರೆ ಆ ಜುಲೈನಲ್ಲಿ ನನಗೆ ಬೇಕಾಗಿದ್ದದ್ದು ನಿದ್ದೆ, ಬೇರೇನೂ ಅಲ್ಲ. ನಿಂತಲ್ಲಿ, ಕುಕ್ಕರಿನ ಸೀಟಿ ಎಣಿಸುತ್ತ, ಕಣ್ಣು ಮುಚ್ಚುತ್ತಿದ್ದವು.

ಮರುದಿನದಿಂದ ಅತ್ತೆ ತಪ್ಪು ಹುಡುಕಲು ಶುರುಮಾಡಿದರು. "ಇಲ್ಲೆ ನೋಡ, ಶಂಕರಪಾಳಿ ಮೂಲಿ ಮೊಂಡ ಆಗೇತಿ. ಬಿಚ್ಚು." ಬಿಚ್ಚಿದೆ. "ಬಿಳಿ ಸಡ್ಲ ಬಿತ್ತು. ಬಿಚ್ಚು." ಬಿಚ್ಚಿದೆ. ದೊಡ್ಡವರು ಹೇಳಿದ್ದಕ್ಕೆ ಎದುರಾಡದೆ ಇರುವುದನ್ನು ಕಾನ್ವೆಂಟೂ ಕಲಿಸಿತ್ತು, ತವರೂ ಕಲಿಸಿತ್ತು. ಮೂರನೆಯ ಸಲ ಮಾತ್ರ, "ಅತ್ತೀ, ಇದರ ಮ್ಯಾಲೆ ನೀವು ಕುಂಡ್ರೂದು. ಮೂಲಿ ಯಾರ ನೋಡ್ತಾರ್ರಿ?" ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಆಮೇಲೆ ಅವರು ತಪ್ಪು ತೋರಿಸಲಿಲ್ಲ.

ಆದರೆ ಲೆಕ್ಕ ತಪ್ಪತೊಡಗಿತು. ಒಂದೊಂದು ಸಾಲು ಮುಗಿದ ಹಾಗೆ ನಾನು ಗ್ರಾಫ್ ಹಾಳೆಯ ಅಂಚಿಗೆ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ. ಸಂಜೆ ಹೆಣಿಗೆ ಎತ್ತಿಕೊಂಡರೆ ಹಾಳೆಯಲ್ಲಿ ಐವತ್ತಾರು ಗೀಟು, ಸೂಜಿಯಲ್ಲಿ ಐವತ್ತನಾಲ್ಕು ಸಾಲು. ನಿದ್ದೆಗಣ್ಣಿನಲ್ಲಿ ಎರಡು ಗೀಟು ಹೆಚ್ಚು ಹಾಕಿರಬೇಕೆಂದು ರಬ್ಬರಿನಿಂದ ಅಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು, ಈ ಸಲ ಮೂರು ಸಾಲು. ಉಪ್ಪು ಎರಡು ಸಲ ಹಾಕಿದ, ಹಾಲು ಇಟ್ಟು ಮರೆತ ದಿನಗಳವು. ನನ್ನ ತಲೆಯ ಮೇಲೆ ನನಗೇ ವಿಶ್ವಾಸ ಹೋಗಿತ್ತು. ಗಂಡನಿಗೆ ಹೇಳಿದರೆ, "ಬಿ.ಪಿ. ತೋರಿಸ್ಕೊ ಒಮ್ಮೆ" ಎಂದರು. ತೋರಿಸಿಕೊಂಡೆ. ಸರಿಯಿತ್ತು.

ಪಂಚಮಿ ಬಂತು, ಹೋಯಿತು. ಉಂಡಿ ಇಲ್ಲೇ ಕಟ್ಟಿದೆ. ಅತ್ತೆ ಕೂತಲ್ಲೇ ಶೇಂಗಾದ ಸಿಪ್ಪೆ ಬಿಡಿಸಿ ಕೊಟ್ಟರು, ಆ ದಿನ ಬಹಳ ಉಲ್ಲಾಸದಲ್ಲಿದ್ದರು.

ಶ್ರಾವಣ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ ಹೆಣೆಯುತ್ತಿದ್ದವಳ ಕೈ ನಿಂತಿತು. ಉಂಡೆಯಿಂದ ಬರುತ್ತಿದ್ದ ಉಣ್ಣೆ ನೆಟ್ಟಗಿರಲಿಲ್ಲ, ಶಾವಿಗೆಯ ಹಾಗೆ ಗುಂಗುರಾಗಿತ್ತು. ಒಮ್ಮೆ ಹೆಣೆದು ಬಿಚ್ಚಿದ ಉಣ್ಣೆ ಹಾಗಿರುತ್ತದೆ. ನಾನು ಬಿಚ್ಚಿರಲಿಲ್ಲ. ಹೆಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಐವತ್ತೈದನೆಯ ಸಾಲಿನಲ್ಲಿ ಒಂದು ಜಡೆಯ ಗೆರೆ. ಅರವತ್ತೊಂದರಲ್ಲಿ ಒಂದು. ಎಪ್ಪತ್ತರ ಹತ್ತಿರ ಎರಡು. ಸೂಜಿಯ ಮೇಲೆ ಆಗ ಇದ್ದ ಕುಣಿಕೆಗಳನ್ನು ನೋಡಿದೆ. ಎಲ್ಲವೂ ಎಡಗಾಲು ಮುಂದೆ ಚಾಚಿ ಕೂತಿದ್ದವು.

ಎದುರಿಗೆ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಬಹಳ ಲಕ್ಷ್ಯವಿಟ್ಟು ನೋಡುತ್ತಿದ್ದರು. ಅಲ್ಲಿ ಮಳೆ ಬಿಟ್ಟರೆ ಏನೂ ಇರಲಿಲ್ಲ.

ಆ ಮಧ್ಯಾಹ್ನ ಮಲಗಿದವಳು ನಿದ್ದೆ ಮಾಡಲಿಲ್ಲ. ಎರಡೂವರೆಗೆ ಎದ್ದು ಬರಿಗಾಲಿನಲ್ಲಿ ಬಂದು ಪರದೆಯ ಸಂದಿಯಿಂದ ನೋಡಿದೆ. ಅತ್ತೆ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಎರಡು ಬಣ್ಣದ ಎಳೆಗಳನ್ನು ಒಂದಕ್ಕೊಂದು ತೊಡರದಂತೆ ಮೆಲ್ಲಗೆ ಎಳೆದು, ಬಿಳಿಯದನ್ನು ಬಿಳಿಯ ಉಂಡೆಗೆ, ಕೆಂಗಂದನ್ನು ಕೆಂಗಂದಿನ ಉಂಡೆಗೆ ನೀಟಾಗಿ ಸುತ್ತಿದರು. ಆಮೇಲೆ ಬಾಯಿಂದ ಸೂಜಿ ತೆಗೆದು ಬಿಡುಗಡೆಯಾದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿ ಪೋಣಿಸತೊಡಗಿದರು. ತುಟಿಗಳು ಅಲುಗುತ್ತಿದ್ದವು. ಒಂದೇ ಒಂದು ಕುಣಿಕೆ ಜಾರಗೊಡಲಿಲ್ಲ. ಅಷ್ಟು ಜೋಕೆಯಿಂದ ಯಾರಾದರೂ ಒಂದು ಕೆಲಸವನ್ನು ಕೆಡಿಸುವುದನ್ನು ನಾನು ನೋಡಿರಲಿಲ್ಲ.

ಆಗ ನಾನು ಒಳಗೆ ಹೋಗಿ, "ಯಾಕ್ರಿ ಅತ್ತಿ?" ಎಂದು ಕೇಳಬಹುದಿತ್ತು. ಕೇಳಿದ್ದರೆ ಅವರು ಹೇಳುತ್ತಿದ್ದರು. ಹೇಳಿದರೆ ನಾನು, "ಆತ್ರಿ, ಇಲ್ಲೇ ಇರ್ರಿ" ಎನ್ನಬೇಕಾಗುತ್ತಿತ್ತು. ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಹೋಗಿ ಮಲಗಿಕೊಂಡೆ. ನಾಲ್ಕಕ್ಕೆ ಎಂದಿನಂತೆ ಎದ್ದು ಚಹಾ ಮಾಡಿದೆ.

ಮರುದಿನ ಊಟವಾದ ಮೇಲೆ ಹೆಣಿಗೆಯನ್ನು ಚೀಲದಲ್ಲಿ ಹಾಕಿ, ಒಳಗೆ ಒಯ್ದು, ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟು ಕೀಲಿ ತಿರುವಿದೆ. ಆ ಕೀಲಿಯ ಸದ್ದು ದೊಡ್ಡದು, ಹಳೆಯ ಕಪಾಟು. ನಡುಮನೆಗೆ ಕೇಳಿಸುವಂಥದ್ದು.

ಸಂಜೆ ಅತ್ತೆ ಕೇಳಿದರು: "ಹೆಣಿಗಿ ಕಾಣವಲ್ದಲ್ಲ?"

"ಒಳಗ ಇಟ್ಟೇನ್ರಿ. ಥಂಡಿಗೆ ಉಲನ್ ವಾಸನಿ ಹಿಡೀತೈತಿ."

"ಹೌದ, ಹಿಡೀತೈತಿ" ಎಂದರು. ಅಷ್ಟೇ. ರಾತ್ರಿ ಅರ್ಧ ರೊಟ್ಟಿಗೇ ಸಾಕು ಎಂದರು. ಆಮೇಲೆ ಎಷ್ಟು ಶಂಕರಪಾಳಿ ಆದವು ಎಂದು ಕೇಳಲಿಲ್ಲ.

ಒಂಬತ್ತು ದಿನದಲ್ಲಿ ಮುಗಿಯಿತು. ಜಡೆಯ ಗೆರೆಗಳನ್ನು ಬಿಚ್ಚಿ ಸರಿಮಾಡಬಹುದಿತ್ತು, ಸಿಸ್ಟರ್ ಆಗಿದ್ದರೆ ಮಾಡಿಸುತ್ತಿದ್ದರು. ಮಾಡಲು ಇನ್ನೂ ಒಂದು ವಾರ ಹಿಡಿಯುತ್ತಿತ್ತು. ಹಾಗೇ ಬಿಟ್ಟೆ. ರೆಹಾನಾ ನೀಲಿ ಖಾದಿಯ ಹಿಂಬದಿ ಹಚ್ಚಿ ಝಿಪ್ ಕೂಡಿಸಿ ಒಂದೇ ದಿನದಲ್ಲಿ ಕೊಟ್ಟಳು. "ಏನ ನೀಟ್ ಆಗೇತ್ರಿ ಅಕ್ಕಾ, ಅಂಗಡ್ಯಾಗಿಂದ ತಂದಂಗ" ಎಂದಳು. ಫೋಮಿಗೆ ತೊಡಿಸಿ ಅತ್ತೆಯನ್ನು ಕೂರಿಸಿದೆ. ಜಾರಲಿಲ್ಲ.

ಹಾಗೆ ಬಂತು ಆ ಬೆಳಿಗ್ಗೆ. ಹತ್ತಕ್ಕೆ ಹೊರಟೆವು. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಗಾದಿ ಹಾಕಿ ಅತ್ತೆಯನ್ನು ಕೂರಿಸಿ, ವಾಕರನ್ನು ಮಡಚಿ ನನ್ನ ಕಾಲ ಬಳಿ ಇಟ್ಟುಕೊಂಡೆ. ರೆಹಾನಾ, ಎದುರುಮನೆಯ ಮಾಸ್ತರರು ಗೇಟಿಗೆ ಬಂದು ನಿಂತಿದ್ದರು. ಪಿರನವಾಡಿ ದಾಟಿತು. ದೇಸೂರಿನ ಹತ್ತಿರ ಮಳೆ ಜೋರಾಯಿತು. ಎರಡೂ ಬದಿಯ ಭತ್ತದ ಗದ್ದೆಗಳು ತುಂಬಿ ರಸ್ತೆಯ ಅಂಚಿಗೆ ನೀರು ಬಂದಿತ್ತು. ನನ್ನ ಗಂಡ ಕಾರನ್ನು ನಿಧಾನ ಮಾಡಿದಾಗ ಅತ್ತೆ, "ಸಾವಕಾಶ ಹೋಗಪಾ. ಅವಸರ ಏನೈತಿ" ಎಂದರು. ಕನ್ನಡಿಯಲ್ಲಿ ನನ್ನನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ನಾನು ವಾಕರಿನ ರಬ್ಬರ್ ಬುಡ ನೋಡುತ್ತ ಕೂತೆ.

ಖಾನಾಪುರದ ಮನೆಯಲ್ಲಿ ಎಲ್ಲ ಸಿದ್ಧವಿತ್ತು. ಅಕ್ಕ ಶಾಲೆಗೆ ರಜೆ ಹಾಕಿದ್ದಳು, ಹೂರಣದ ಹೋಳಿಗೆ ಮಾಡಿದ್ದಳು. ಭಾವನವರು ಬಚ್ಚಲಿನ ರಾಡನ್ನು ತಾವೇ ಜಗ್ಗಿ ಜಗ್ಗಿ ತೋರಿಸಿದರು. "ನೋಡ ಶೋಭಾ, ಆನಿ ಜಗ್ಗಿದ್ರೂ ಬರೂದಿಲ್ಲ." ಒಳ್ಳೆಯ ಜನ. ನನಗಿಂತ ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಅತ್ತೆಯ ಕುರ್ಚಿಯನ್ನು ಹೊರಗಿನ ಕೋಣೆಯಲ್ಲಿ ಟೀವಿಯ ಎದುರು ಹಾಕಿದ್ದರು. ಕಿಟಕಿ ಇತ್ತು, ಅದರ ಆಚೆ ಯಾವುದೋ ಗೋದಾಮಿನ ಹಿಂಗೋಡೆ.

ಊಟವಾದ ಮೇಲೆ ನಾನು ಅಕ್ಕನಿಗೆ ಮಾತ್ರೆಗಳ ಹೊತ್ತು ಬರೆದುಕೊಟ್ಟೆ, ಶಾಖ ಕೊಡುವುದು, ಎಣ್ಣೆ, ಎದ್ದೇಳಿಸುವಾಗ ಎಡಭುಜಕ್ಕೆ ಕೈ ಕೊಡುವುದು, ಎಲ್ಲ. ಕಾನ್ವೆಂಟಿನ ದುಂಡು ಅಕ್ಷರದಲ್ಲಿ, ನಂಬರು ಹಾಕಿ. ಹೊರಡುವಾಗ ನಮಸ್ಕಾರಕ್ಕೆಂದು ಅ‌ತ್ತೆಯ ಮುಂದೆ ಬಾಗಿದೆ. ಅವರು ಎರಡೂ ಕೈಗಳನ್ನು ಗಾದಿಯ ಅಂಚಿನ ಮೇಲಿಟ್ಟುಕೊಂಡಿದ್ದರು. ಬಲಗೈಯ ಬೆರಳು ಹೆಣಿಗೆಯ ಮೇಲೆ ಕುರುಡರು ಓದುವ ಹಾಗೆ ಸರಿಯುತ್ತಿತ್ತು. ಒಂದು ಕಡೆ ನಿಂತಿತು.

"ಈ ಸಾಲ ನೀ ಹಿಂದಿನಿಂದ ತಗೊಂಡಿ ನೋಡ" ಎಂದರು. "ನಿಮ್ಮ ಸಿಸ್ಟರ್ ಇದ್ದಿದ್ರ ಹೊಡೀತಿದ್ಲು."

ನಾನು ಬಾಗಿದಲ್ಲೇ ಇದ್ದೆ. "ಹೌದ್ರಿ ಅತ್ತಿ. ತಪ್ಪಾತು" ಎಂದೆ.

"ಇರ್ಲಿ ಬಿಡು. ಗಟ್ಟಿ ಕುಂತೈತಿ." ತಲೆಯ ಮೇಲೆ ಕೈಯಿಟ್ಟರು. "ಹೋಗಿ ಬರ್ರಿ. ಕತ್ತಲಾಗೂದ್ರಾಗ ಮನಿ ಮುಟ್ಟರಿ."

ಮಲಪ್ರಭೆಯ ಸೇತುವೆ ದಾಟುವಾಗ ನನ್ನ ಗಂಡ, "ಅವ್ವ ಆರಾಮ ಅದಾಳ ಬಿಡು. ನೀ ಸುಮ್ನ ಗಾಬ್ರಿ ಆಗಿದ್ದಿ" ಎಂದರು. ಹೂಂ ಎಂದೆ. ಮಚ್ಛೆ ಬರುವುದರೊಳಗೆ ನನಗೆ ನಿದ್ದೆ ಹತ್ತಿತ್ತು.

ಮನೆ ಸೇರಿದಾಗ ಐದೂವರೆ. ನನ್ನ ಗಂಡ ಕಾರಿಗೆ ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೋದರು. ನಡುಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಹಗ್ಗದ ಮೇಲೆ ಅತ್ತೆಯ ಒಂದು ಲಂಗ ಒಣಗದೆ ಉಳಿದಿತ್ತು. ಗ್ಯಾಸ್ ಮೇಲೆ ನೀರಿಟ್ಟೆ, ಶಾಖದ ನೀರು. ಇಟ್ಟಮೇಲೆ ನೆನಪಾಗಿ ಅದಕ್ಕೇ ಚಹಾಪುಡಿ ಹಾಕಿದೆ. ಮಲಗಬೇಕೆಂದು ಇಷ್ಟು ದಿನ ಕಾದವಳಿಗೆ ಎಲ್ಲಿ ಕೂರಬೇಕೆಂದೇ ತೋಚಲಿಲ್ಲ.

ಆಗ ರೆಹಾನಾ ಬಂದಳು. ಖಾದಿಯ ಉಳಿದ ತುಂಡನ್ನು ಕೊಡಲು ಬಂದದ್ದು. ಚಹಾ ಕೊಟ್ಟೆ, ಅಡುಗೆಮನೆಯ ಬಾಗಿಲಿಗೊರಗಿ ನಿಂತೇ ಕುಡಿದಳು. ಅಮ್ಮ ಅತ್ತರಾ ಎಂದು ಕೇಳಿದಳು, ಇಲ್ಲ ಎಂದೆ. ಮುಂದಿನ ವಾರದ ಗಣಪತಿಗೆ ಬಂದ ಸೀರೆಗಳ ರಾಶಿಯ ಬಗ್ಗೆ, ಮಷೀನಿನ ಬೆಲ್ಟು ಸಡಿಲಾದ ಬಗ್ಗೆ ಹೇಳಿದಳು. ಕಪ್ಪು ತೊಳೆದಿಟ್ಟು, ಗೇಟಿನವರೆಗೆ ಹೋದವಳು ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತಳು.

"ಅಕ್ಕಾ, ನಾಳಿಂದ ಮಧ್ಯಾಹ್ನ ಬೆಲ್ ಒತ್ತಬಹುದಲ್ರಿ? ಅಮ್ಮ ದವಾಖಾನಿಯಿಂದ ಬಂದ ದಿನದಿಂದ, ಮೇ ತಿಂಗಳಿಂದ್ರಿ, ಎರಡರಿಂದ ನಾಕರ ತನಕಾ ಗೇಟಿಗೆ ಕೈ ಹಚ್ಚಗೊಡಲಿಲ್ಲ ಯಾರಿಗೂ. ಕೊರಿಯರದಾವ ಬರ್ಲಿ, ಹೂವಿನಾಕಿ ಬರ್ಲಿ, ಕಿಡಕ್ಯಾಗಿಂದ ಬಾಯಿಗೆ ಬೆರಳ ಇಟಗೊಂಡು, 'ಶ್, ನನ್ನ ಸೊಸಿ ಈಗರ ಮಲಗ್ಯಾಳ, ಆಮ್ಯಾಲೆ ಬಾ' ಅಂತ ಓಡಸೂದ ಓಡಸೂದು!"